ಪೊರಕೆ ಎತ್ತಿದ ಹೆಂಗಸಿನ ತನಿಖೆ

ನನ್ನ ಮೇಜಿಗೆ ಬಂದ ಆ ಫೈಲಿನಲ್ಲಿ ಮೂರೇ ಹಾಳೆಗಳಿದ್ದವು. ಸಹಿಯಿಲ್ಲದ ಒಂದು ಮೂಗರ್ಜಿ, ಜ್ವರ ಬಂದಿತ್ತೆಂದು ವೈದ್ಯರೊಬ್ಬರು ಬರೆದುಕೊಟ್ಟ ಸರ್ಟಿಫಿಕೇಟು, ಪತ್ರಿಕೆಯಿಂದ ಕತ್ತರಿಸಿದ ಒಂದು ಫೋಟೋ. ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ ‘ಗೋಪ್ಯ’ ಎಂದು ಬರೆದಿತ್ತು. ಅದು ನನ್ನ ಕೈ ಸೇರುವ ಮೊದಲೇ ನಮ್ಮ ಬ್ಯಾಂಕಿನ ವಿಶಾಖಪಟ್ಟಣದ ವಲಯ ಕಚೇರಿಯ ಕ್ಯಾಂಟೀನಿನವನಿಗೂ ಒಳಗೇನಿದೆಯೆಂದು ಗೊತ್ತಿತ್ತು.

ಫೋಟೋ ಎಲ್ಲರೂ ನೋಡಿದ್ದೇ. ತೊಂಬತ್ತರ ದಶಕದ ಶುರು, ಸಾರಾಯಿ ಅಂಗಡಿ ಮುಚ್ಚಿಸಬೇಕೆಂದು ಆಂಧ್ರದ ಹಳ್ಳಿಗಳಲ್ಲಿ ಹೆಂಗಸರು ಬೀದಿಗಿಳಿದಿದ್ದ ಕಾಲ. ಜೀಪಿನ ಬಾನೆಟ್ಟಿಗೆ ಎದುರಾಗಿ ನಿಂತ ಒಬ್ಬ ಹೆಂಗಸು, ಮೇಲೆತ್ತಿದ ಬಲಗೈಯಲ್ಲಿ ಪೊರಕೆ, ತೆರೆದ ಬಾಯಿ, ತೋಳಿನ ಹಿಂದೆ ಅರ್ಧ ಮರೆಯಾದ ಮುಖ. ಪತ್ರಿಕೆಯಲ್ಲಿ ಬಂದ ವಾರದೊಳಗೆ ಆ ಚಿತ್ರ ವಿಶಾಖಪಟ್ಟಣದ ಗೋಡೆಗಳಿಗೆ ಹತ್ತಿತು. ಆಮೇಲೆ ಕರಪತ್ರಗಳಿಗೆ, ಬಸ್ ನಿಲ್ದಾಣಕ್ಕೆ, ಆಟೋಗಳ ಬೆನ್ನಿಗೆ. ಆಫೀಸಿಗೆ ಬರುವ ದಾರಿಯಲ್ಲಿ ನಾನು ದಿನಾ ಅವಳನ್ನು ನಾಲ್ಕು ಸಲ ದಾಟಿಕೊಂಡು ಬರುತ್ತಿದ್ದೆ.

ಮೂಗರ್ಜಿ ಹೇಳುತ್ತಿದ್ದುದಿಷ್ಟು. ಈ ಹೆಂಗಸು ನಿಮ್ಮ ಭೀಮುನಿಪಟ್ಟಣ ಶಾಖೆಯ ಅರೆಕಾಲಿಕ ಕಸಗುಡಿಸುವವಳು. ಸಾರಾಯಿ ಸಾಗಿಸುವ ಜೀಪು ತಡೆದ ದಿನ ಜ್ವರವೆಂದು ರಜೆ ಹಾಕಿದ್ದಳು. ಬ್ಯಾಂಕಿನವರು ಸುಳ್ಳು ಸರ್ಟಿಫಿಕೇಟು ಪಡೆದು ಬೀದಿ ರಂಪ ಮಾಡಬಹುದೇ?

ವಲಯ ವ್ಯವಸ್ಥಾಪಕರು ಧಾರವಾಡದ ಕಡೆಯವರು. ನನ್ನನ್ನು ಕರೆಸಿ ಕುರ್ಚಿ ತೋರಿಸಿದರು.

“ಇದರಾಗ ಭಾಳ ಏನಿಲ್ರೀ. ಫೋಟೋದಾಗ ಇರಾಕಿ ನಮ್ಮಾಕಿ ಹೌದೋ ಅಲ್ಲೋ, ಅಷ್ಟ ನೋಡಿ ಬರದ ಕೊಡ್ರಿ. ನಾಕ ದಿನದ ಕೆಲಸ.”

“ಹೌದಾದ್ರೆ ಸಾರ್?”

“ಹೌದಾದ್ರ ಖಾಯಂ ಮಾಡೂ ಲಿಸ್ಟಿನಿಂದ ಆಕಿ ಹೆಸರು ತಗೀತಾರ. ಒಂಬತ್ತ ವರ್ಷ ಕಾದಾಳ, ಪಾಪ. ಮತ್ತ ಆ ಲಿಸ್ಟ್ ಯಾವಾಗ ಬರ್ತದೋ ದೇವರಿಗೇ ಗೊತ್ತು.”

ನಾಲ್ಕು ದಿನದ ಕೆಲಸಕ್ಕೆ ನನಗೆ ಐದು ವಾರ ಹಿಡಿಯಿತು. ಸುಲಭದ ಕೆಲಸವನ್ನು ಕಗ್ಗಂಟು ಮಾಡಿಕೊಳ್ಳುವುದರಲ್ಲಿ ನಾನು ಎತ್ತಿದ ಕೈ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಈ ಸಲ ಗಂಟು ನಾನು ಹಾಕಿದ್ದಲ್ಲ.

ಮಾರನೆಯ ದಿನ ಸಮುದ್ರದ ಪಕ್ಕದ ರಸ್ತೆಯ ಬಸ್ಸು ಹಿಡಿದು ಭೀಮುನಿಪಟ್ಟಣಕ್ಕೆ ಹೋದೆ. ಶಾಖೆಯಲ್ಲಿ ಇದ್ದವರೇ ನಾಲ್ಕು ಜನ. ಅಲ್ಲಿನ ಮ್ಯಾನೇಜರ್ ಫೋಟೋದ ಇನ್ನೊಂದು ಪ್ರತಿಯನ್ನು ತಮ್ಮ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದರು.

“ಅವಳೇ ಸಾರ್, ಅನುಮಾನವೇ ಬೇಡ,” ಎಂದರು. ಇಲ್ಲಿ ತೆಲುಗಿನಲ್ಲಿ ನಡೆದ ಮಾತನ್ನೆಲ್ಲ ನಾನು ನನ್ನ ಕನ್ನಡದಲ್ಲೇ ಬರೆಯುತ್ತಿದ್ದೇನೆ. “ಆ ಪೊರಕೆ ಕೂಡ ನಮ್ಮ ಶಾಖೆಯದೇ. ಹೋದ ತಿಂಗಳು ಸ್ಟೇಷನರಿ ಜೊತೆ ಎರಡು ತರಿಸಿದ್ದೆ, ಒಂದು ಕಾಣುತ್ತಿಲ್ಲ. ಬ್ಯಾಂಕಿನ ಆಸ್ತಿಯನ್ನು ಚಳವಳಿಗೆ ಬಳಸಿದ್ದಾಳೆ ಅಂತ ಅದನ್ನೂ ಸೇರಿಸಿಬಿಡಿ.”

ಕ್ಯಾಷಿಯರ್ ಅಲ್ಲವೇ ಅಲ್ಲ ಎಂದರು. ಅವಳ ತೋಳು ಇಷ್ಟು ದಪ್ಪವಿಲ್ಲವಂತೆ. ಗುಮಾಸ್ತೆಯೊಬ್ಬರು ಮುಖ ಗೊತ್ತಾಗುವುದಿಲ್ಲ, ಆದರೆ ಚೌಕುಳಿ ಅಂಚಿನ ಆ ಸೀರೆ ಉಟ್ಟು ಅವಳು ಎಷ್ಟೋ ಸಲ ಕೆಲಸಕ್ಕೆ ಬಂದಿದ್ದಾಳೆ ಎಂದರು. ಮೂವರಿಂದ ಮೂರು ಉತ್ತರ. ಅವರ ಮೇಲೆ ಸಿಟ್ಟು ಬಂದರೂ ಆಮೇಲೆ ಅರ್ಥವಾಯಿತು. ಒಂಬತ್ತು ವರ್ಷದಿಂದ ಅವರೆಲ್ಲ ನೋಡಿದ್ದು ಅವಳ ಬಗ್ಗಿದ ಬೆನ್ನನ್ನು. ಮುಖ ನೋಡುವ ಪ್ರಸಂಗ ಯಾರಿಗೂ ಬಂದಿರಲಿಲ್ಲ.

ಕೊನೆಗೆ ಮ್ಯಾನೇಜರ್ ಎದುರಿಗೇ ಅವಳನ್ನು ಕರೆದೆ. ಮೂವತ್ತೈದರ ಆಸುಪಾಸು, ಗಂಡ ತೀರಿಕೊಂಡವಳು, ಮಾತು ಕಡಿಮೆ ಎಂದು ಮ್ಯಾನೇಜರ್ ಮೊದಲೇ ಹೇಳಿದ್ದರು. ಫೋಟೋ ಮುಂದಿಟ್ಟೆ.

“ಇದು ಯಾರಮ್ಮಾ?”

“ನಾನೇ ಬಾಬೂ.”

“ಸರಿಯಾಗಿ ನೋಡಿ ಹೇಳು.”

“ನೋಡೋದೇನಿದೆ? ಜೀಪಿನ ಮುಂದೆ ನಿಂತಿದ್ದು ನಾನೇ.”

“ಆವತ್ತು ಜ್ವರ ಅಂತ ರಜೆ ಹಾಕಿದ್ದೆಯಲ್ಲ?”

“ಜ್ವರ ಬಂದಿತ್ತು. ಅದು ಬೆಳಗ್ಗೆ. ಸಾರಾಯಿ ಜೀಪು ಬಂದದ್ದು ಮಧ್ಯಾಹ್ನ.”

ನನಗೆ ನಗು ತಡೆಯಲಾಗಲಿಲ್ಲ. ನಕ್ಕದ್ದಕ್ಕೆ ನಾಚಿಕೆಯೂ ಆಯಿತು. ಹೌದೆಂದರೆ ಕೆಲಸ ಖಾಯಂ ಆಗುವುದಿಲ್ಲ, ಬಹುಶಃ ಇರುವ ಕೆಲಸವೂ ಹೋಗಬಹುದು ಎಂದು ಬಿಡಿಸಿ ಹೇಳಿದೆ. ಮ್ಯಾನೇಜರ್ ಹೇಳಿದ್ದಾರೆ, ಗೊತ್ತು ಎಂದಳು. ಗುಡಿಸುವುದು ಅರ್ಧ ಉಳಿದಿದೆ ಎಂದು ಎದ್ದು ಹೋದಳು.

ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎನ್ನುತ್ತಾರೆ. ಅಲ್ಲಿಗೇ ಫೈಲು ಮುಚ್ಚಬಹುದಿತ್ತು. ಆದರೆ ನಾನು ಅದುವರೆಗೆ ನೋಡಿದ ತನಿಖೆಗಳಲ್ಲೆಲ್ಲ ಜನ ಕಂಡದ್ದನ್ನೂ ಕಾಣಲಿಲ್ಲ ಎನ್ನುತ್ತಿದ್ದರು. ತಾನಾಗಿ ಹೌದು ಎನ್ನುವವರನ್ನು ನೋಡಿದ್ದು ಇದೇ ಮೊದಲು. ಬರೀ ಒಪ್ಪಿಗೆಯ ಮೇಲೆ ವರದಿ ಬರೆಯಬಾರದು, ಬೇರೆ ಪುರಾವೆ ಬೇಕು ಎಂಬ ನಿಯಮವೂ ಇತ್ತು. ಅವಳ ಸೇವಾ ಕಾರ್ಡಿನ ಮೇಲಿದ್ದ ಒಂಬತ್ತು ವರ್ಷ ಹಳೆಯ ಭಾವಚಿತ್ರವನ್ನು ಬಿಚ್ಚಿ ತಂದೆ. ಭೂತಗನ್ನಡಿ ಹಿಡಿದು ಎರಡನ್ನೂ ಹೋಲಿಸಿದೆ. ಪತ್ರಿಕೆಯ ಮುಖ ಹತ್ತಿರ ಹೋದಷ್ಟೂ ಕರಿ ಚುಕ್ಕೆಗಳಾಗಿ ಒಡೆಯುತ್ತಿತ್ತು. ಮೂಗು ಎಲ್ಲಿ ಮುಗಿದು ನೆರಳು ಎಲ್ಲಿ ಶುರುವಾಗುತ್ತದೆ ಎಂದೇ ತಿಳಿಯಲಿಲ್ಲ. ಕಿವಿ ತೋಳಿನ ಹಿಂದೆ. ಗಲ್ಲ ಅವಳದಾಗಿರಬಹುದು, ನನ್ನ ಅತ್ತೆಯದೂ ಆಗಿರಬಹುದು.

ಹಾಗೆಂದು ಮನೆಯಲ್ಲಿ ಹೇಳಿದ್ದೇ ತಪ್ಪಾಯಿತು. ಊಟದ ಮೇಜಿನ ಮೇಲಿದ್ದ ಫೋಟೋವನ್ನು ಹೆಂಡತಿ ಕಿತ್ತುಕೊಂಡಳು.

“ನಮ್ಮಮ್ಮನ ಗಲ್ಲದ ಸುದ್ದಿ ನಿಮಗ್ಯಾಕ್ರೀ? ಮೊದಲು ಪೊರಕೆ ನೋಡಿ. ಇದು ಒಳಗೆ ಗುಡಿಸೋ ಹುಲ್ಲಿನ ಪೊರಕೆ.”

“ಇದ್ರೆ?”

“ಒಳಗಿನ ಪೊರಕೆ ಲಕ್ಷ್ಮಿ ಅಲ್ವಾ? ಅದನ್ನ ನಿಲ್ಲಿಸಿ ಇಡಲ್ಲ, ಬಾಗಿಲಿಂದಾಚೆ ತರಲ್ಲ. ಕುಡುಕರಿಗೆ ಬಾರಿಸೋಕೆ ಯಾವ ಹೆಂಗಸು ಲಕ್ಷ್ಮೀನ ಬೀದಿಗೆ ಒಯ್ತಾಳೆ? ಅಂಗಳದ ಕಡ್ಡಿ ಪೊರಕೆ ಒಯ್ತಾಳೆ. ಏಟೂ ಚೆನ್ನಾಗಿ ಬೀಳುತ್ತೆ.”

“ಸಿಟ್ಟು ಬಂದಾಗ ಕೈಗೆ ಸಿಕ್ಕಿದ್ದನ್ನ ತಗೊಂಡಿರ್ತಾಳೆ ಬಿಡು.”

“ನಿಮಗೆ ಗೊತ್ತಾಗಲ್ಲ, ನೀವು ಯಾವತ್ತು ಪೊರಕೆ ಹಿಡಿದಿದ್ದೀರಿ?” ಎಂದು ಅವಳು ತಟ್ಟೆ ಎತ್ತಿಕೊಂಡು ಹೋದಳು. ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಕಿಕೊಂಡಿದ್ದರೆ ಎರಡು ವಾರ ಉಳಿಯುತ್ತಿತ್ತು.

ಅಷ್ಟರಲ್ಲಿ, ಫೋನಿನಲ್ಲಿ ಈ ಫೋಟೋದ ಗೋಳು ಹೇಳಿಕೊಂಡಿದ್ದಕ್ಕೆ, ವಿಜಯವಾಡ ಶಾಖೆಯಲ್ಲಿದ್ದ ನನ್ನ ಸ್ನೇಹಿತ, ನಮ್ಮ ಮಂಡ್ಯದವನೇ, ಬ್ಯಾಂಕಿನ ಟಪಾಲು ಚೀಲದಲ್ಲಿ ಒಂದು ಲಕೋಟೆ ಕಳಿಸಿದ. ಅದೇ ಪತ್ರಿಕೆ, ಅದೇ ತಾರೀಖು, ಅದೇ ಫೋಟೋ, ಆದರೆ ಅಲ್ಲಿನ ಆವೃತ್ತಿ. ಫೋಟೋದ ಕೆಳಗಿನ ಸಾಲನ್ನು ತಡವರಿಸಿಕೊಂಡು ಓದಿದೆ. ನಮ್ಮಲ್ಲಿ ‘ಭೀಮುನಿಪಟ್ಟಣದಲ್ಲಿ’ ಎಂದಿದ್ದರೆ ಅಲ್ಲಿ ಕೃಷ್ಣಾ ನದಿಯ ದಂಡೆಯ ಒಂದು ಹಳ್ಳಿಯ ಹೆಸರಿತ್ತು. ಆ ಹಳ್ಳಿಯ ಹೆಂಗಸೊಬ್ಬಳನ್ನು ವಿಜಯವಾಡದಲ್ಲಿ ವೇದಿಕೆ ಹತ್ತಿಸಿ, ‘ಫೋಟೋದ ವೀರವನಿತೆ’ ಎಂದು ಶಾಲು ಹೊದಿಸಿ ಸನ್ಮಾನ ಮಾಡಿದ್ದಾರೆ ಎಂದೂ ಸ್ನೇಹಿತ ಬರೆದಿದ್ದ.

ಒಂದು ಫೋಟೋ, ಇಬ್ಬರು ಹೆಂಗಸರು, ನಡುವೆ ಇಡೀ ಒಂದು ಹಗಲಿನ ರೈಲು ದಾರಿ. ಇಬ್ಬರೂ ನಾನೇ ಎನ್ನುತ್ತಾರೆ. ವಲಯ ವ್ಯವಸ್ಥಾಪಕರಿಗೆ ಹೇಳಿದರೆ ಅವರು ತಲೆ ಕೆರೆದುಕೊಂಡು, “ಹೋಗಿ ಬರ್ರಿ, ಬಂದ ಮ್ಯಾಲೆ ನಂಗೂ ತಿಳಿಸಿ ಹೇಳ್ರಿ,” ಎಂದರು.

ವಿಜಯವಾಡದಲ್ಲಿ ಆ ಎರಡನೆಯ ಹೆಂಗಸನ್ನು ಹುಡುಕುವುದು ಕಷ್ಟವಾಗಲಿಲ್ಲ. ಬೆಂಜ್ ಸರ್ಕಲ್ ಹತ್ತಿರ ಕಟ್ಟುತ್ತಿದ್ದ ಆಸ್ಪತ್ರೆಯೊಂದರಲ್ಲಿ ಇಟ್ಟಿಗೆ ಹೊರುತ್ತಿದ್ದಳು. ಫೋಟೋ ತೋರಿಸಿ ಇದು ನೀನೇನಾ ಎಂದೆ. ತಲೆಯ ಮೇಲಿನ ಸಿಂಬಿ ತೆಗೆದು ಬೆವರು ಒರೆಸಿಕೊಂಡು ತುಂಬಾ ಹೊತ್ತು ನೋಡಿದಳು.

“ಇರಬಹುದು ಅಯ್ಯಾ. ನಮ್ಮೂರಲ್ಲೂ ನಾವೆಲ್ಲ ಪೊರಕೆ ಎತ್ತಿದ್ವಿ. ನಾನೂ ಎತ್ತಿದ್ದೆ. ಯಾರಾದರೂ ಫೋಟೋ ಹಿಡಿದರಾ ಅಂತ ಆಗ ನೋಡಲಿಲ್ಲ. ಆಮೇಲೆ ಬಂದು ನೀನೇ ಅಂದರು, ಶಾಲು ಹಾಕಿದರು. ದೊಡ್ಡವರು ಹೇಳಿದ ಮೇಲೆ ನಾನೇ ಇರಬೇಕು.”

ಅವಳಲ್ಲಿ ಸುಳ್ಳಿರಲಿಲ್ಲ. ನಿಜವೂ ಇತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ. ನೀನಲ್ಲ ಎಂದರೆ ಶಾಲು ವಾಪಸು ಕೊಡಬೇಕಾಗುತ್ತದಾ ಎಂದು ಮೆಲ್ಲಗೆ ಕೇಳಿದಳು. ಇಲ್ಲಮ್ಮ, ಅದು ನಿನ್ನದೇ ಎಂದು ಹೇಳಿ ಬಂದೆ.

ಇನ್ನು ಮೂಲಕ್ಕೇ ಹೋಗಬೇಕಿತ್ತು. ವಿಜಯವಾಡದಲ್ಲೇ ಇದ್ದ ಪತ್ರಿಕೆಯ ಕಚೇರಿಯಲ್ಲಿ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸಿದರು. ನೆಗೆಟಿವ್ ನಮ್ಮಲ್ಲಿಲ್ಲ, ಅದನ್ನು ತೆಗೆದ ಫೋಟೋಗ್ರಾಫರ್ ಆಗ ವಿಶಾಖಪಟ್ಟಣದಲ್ಲಿದ್ದ, ಈಗ ಕೆಲಸ ಬಿಟ್ಟು ಇದೇ ಊರಿನ ಒನ್ ಟೌನಿನಲ್ಲಿ ಸ್ಟುಡಿಯೋ ಇಟ್ಟಿದ್ದಾನೆ ಎಂದು ಕೊನೆಗೆ ವಾಚ್‌ಮನ್ ಹೇಳಿದ. ಒನ್ ಟೌನಿನ ಸಗಟು ಅಂಗಡಿಗಳ ಓಣಿಯಲ್ಲಿ, ಮೆಣಸಿನಕಾಯಿ ಮೂಟೆಗಳ ನಡುವೆ ಸೀನುತ್ತಾ ಹೋಗಿ, ಬಟ್ಟೆ ಅಂಗಡಿಯ ಮಹಡಿ ಹತ್ತಿದೆ. ನಲವತ್ತು ದಾಟಿದ ಮನುಷ್ಯ, ಬೆರಳ ತುದಿಗಳು ರಾಸಾಯನಿಕದಿಂದ ಕಂದಾಗಿದ್ದವು. ಬ್ಯಾಂಕಿನವನೆಂದ ಕೂಡಲೇ ಸಾಲ ಕೊಡುವವನೆಂದು ತಿಳಿದು ಚಹಾ ತರಿಸಿದ. ವಿಷಯ ಹೇಳಿದ ಮೇಲೆ ಚಹಾ ಅವನ ಮುಂದೆಯೇ ಆರಿತು.

“ಎರಡು ಊರಿನ ಹೆಸರು ಯಾಕೆ ಬಂತು?” ಎಂದೆ.

“ಅದು ಡೆಸ್ಕಿನವರ ಕೆಲಸ ಸಾರ್. ಫೋಟೋ ಚೆನ್ನಾಗಿದ್ದರೆ ಎಲ್ಲ ಆವೃತ್ತಿಗೂ ಅದು ತಮ್ಮೂರಿನದೇ ಆಗಬೇಕು. ಕೆಳಗಿನ ಸಾಲು ಬದಲಾಯಿಸುತ್ತಾರೆ. ಗುಂಟೂರಿನಲ್ಲಿ ಏನಂತ ಹಾಕಿದ್ದರೋ, ನಾನು ನೋಡಲೇ ಇಲ್ಲ.”

“ಹಾಗಾದರೆ ಭೀಮುನಿಪಟ್ಟಣದ್ದೇ ತಾನೇ?”

“ಭೀಮಿಲಿಯದೇ,” ಎಂದ. ಭೀಮುನಿಪಟ್ಟಣಕ್ಕೆ ಅಲ್ಲಿಯವರು ಚಿಕ್ಕದಾಗಿ ಹಾಗೆನ್ನುತ್ತಾರೆ.

ನೆಗೆಟಿವ್ ತೋರಿಸಿ ಎಂದೆ. ಅವನು ಸ್ಟೂಲು ಹತ್ತಿ ಅಟ್ಟದಿಂದ ಮಿಠಾಯಿ ಡಬ್ಬಿಗಳನ್ನು ಇಳಿಸತೊಡಗಿದ. ಅವನ ನೆಗೆಟಿವ್‌ಗಳೆಲ್ಲ ತೆಳು ಕಾಗದದ ಲಕೋಟೆಗಳಲ್ಲಿ, ಲಕೋಟೆಗಳೆಲ್ಲ ಮಿಠಾಯಿ ಡಬ್ಬಿಗಳಲ್ಲಿ. ಪ್ರತಿ ಲಕೋಟೆಯ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಊರು, ತಾರೀಖು. ನಾಲ್ಕನೇ ಡಬ್ಬಿಯಲ್ಲಿ ಸಿಕ್ಕಿತು. ಕೆಳಗಿನಿಂದ ಬೆಳಕು ಬರುವ ಗಾಜಿನ ಪೆಟ್ಟಿಗೆಯ ಮೇಲೆ ಪಟ್ಟಿಯನ್ನು ಇಟ್ಟು, ಕಣ್ಣಿಗೆ ಹಚ್ಚುವ ಮಸೂರ ಕೊಟ್ಟ.

ನಾನು ಮೊದಲು ತಾರೀಖು ನೋಡಿದೆ. ಅದು ಜೀಪು ತಡೆದ ದಿನದ ಮಾರನೆಯ ದಿನ.

“ತಾರೀಖು ತಪ್ಪು ಬರೆದಿದ್ದೀರಿ.”

“ಇಲ್ಲ ಸಾರ್,” ಎಂದ. ಬಾಗಿಲು ಮುಂದಕ್ಕೆ ಮಾಡಿ ಬಂದು ಕೂತ. “ಜೀಪು ತಡೆದ ಸುದ್ದಿ ನಮಗೆ ಮುಟ್ಟಿದ್ದೇ ಸಂಜೆ. ಫೋಟೋ ಇಲ್ಲದೆ ಬರಬೇಡ ಅಂದರು. ಮಾರನೇ ದಿನ ಹತ್ತು ಗಂಟೆಗೆ ನಮ್ಮ ಪೇಪರ್ ಬಂಡಲ್ ಹಾಕುವ ಜೀಪಿನಲ್ಲೇ ಹೋದೆ. ಹೆಂಗಸರು ಇದ್ದರು, ಜೀಪಿಗೆ ಎದುರಾದವಳು ಇರಲಿಲ್ಲ. ಆಕೆ ಕೆಲಸಕ್ಕೆ ಹೋಗಿದ್ದಾಳೆ ಅಂದರು.”

“ಯಾವ ಕೆಲಸಕ್ಕೆ?”

“ಯಾವುದೋ ಆಫೀಸು ಗುಡಿಸೋದಕ್ಕೆ.”

ಅವನು ಹೇಳುತ್ತಾ ಹೋದ. ಹೆಂಗಸರೇ ಸೇರಿ ಇನ್ನೊಬ್ಬಳನ್ನು ಮುಂದೆ ನಿಲ್ಲಿಸಿದರಂತೆ. ಅವಳ ಸೀರೆ ಸಾದಾ, ಫೋಟೋದಲ್ಲಿ ಎದ್ದು ಕಾಣುವುದಿಲ್ಲ ಎಂದದ್ದಕ್ಕೆ, ಹಿಂದಿನ ದಿನ ಜೀಪು ತಡೆದವಳು ಉಟ್ಟಿದ್ದ ಸೀರೆಯನ್ನೇ ಹಗ್ಗದ ಮೇಲಿನಿಂದ ಎಳೆದು ತಂದು ಉಡಿಸಿದರಂತೆ. ಜೀಪು ಪತ್ರಿಕೆಯದೇ. ಬಾನೆಟ್ಟು ಮಾತ್ರ ಬರುವ ಹಾಗೆ ನಿಂತು ಹಿಡಿದ.

“ಪೊರಕೆ?” ಎಂದೆ. ಹೆಂಡತಿಯ ಮಾತು ಆಗ ನೆನಪಾಯಿತು.

“ಅವಳ ಕೈಲಿದ್ದದ್ದು ತೆಂಗಿನ ಕಡ್ಡಿಯ ಪೊರಕೆ. ಪತ್ರಿಕೆಯ ಕಾಗದಕ್ಕೆ ಅಚ್ಚಾಗುವಾಗ ಚಿತ್ರವೆಲ್ಲ ಚುಕ್ಕೆ ಚುಕ್ಕೆ ಆಗುತ್ತದಲ್ಲ, ಸಣ್ಣ ಕಡ್ಡಿ ಆ ಚುಕ್ಕೆಯಲ್ಲಿ ಕರಗಿಹೋಗುತ್ತೆ. ಬರೀ ಮುಷ್ಟಿ ಎತ್ತಿದ ಹಾಗೆ ಕಾಣುತ್ತೆ. ಅದಕ್ಕೆ ದಪ್ಪ ಹುಲ್ಲಿನ ಪೊರಕೆ ಬೇಕು ಅಂದೆ. ಯಾರೂ ಕೊಡಲಿಲ್ಲ ಸಾರ್! ಮನೆಯೊಳಗಿನದು ತರೋದಿಲ್ಲ ಅಂದರು. ಕಿರಾಣಿ ಅಂಗಡಿಯಿಂದ ಹೊಸದು ತಂದೆ.”

ಮಸೂರದಲ್ಲಿ ನೋಡಿದೆ. ನೆಗೆಟಿವಿನಲ್ಲಿ ಕರಿ ಬಿಳಿ ಆಗಿ, ಬಿಳಿ ಕರಿ ಆಗಿ ಎಲ್ಲ ತಿರುಗುಮುರುಗಾಗಿದ್ದರೂ ಪ್ರಸಿದ್ಧವಾದ ಆ ಚಿತ್ರ ಥಟ್ಟನೆ ಗುರುತು ಸಿಕ್ಕಿತು. ಅದರ ಪಕ್ಕದ ಚಿತ್ರದಲ್ಲಿ ಹೆಂಗಸು ತೋಳು ಇಳಿಸಿದ್ದಳು. ಮುಖ ಪೂರ್ತಿ ಕಾಣುತ್ತಿತ್ತು. ನಗುತ್ತಿದ್ದಳು, ಪೊರಕೆಯನ್ನು ಬಾಯಿಗೆ ಅಡ್ಡ ಹಿಡಿಯಲು ಹೋಗಿ ಅರ್ಧಕ್ಕೇ ನಿಂತು. ನಮ್ಮ ಕಸಗುಡಿಸುವವಳು ಅವಳಲ್ಲ, ಅದಂತೂ ಖಂಡಿತ.

“ಸುಳ್ಳು ಫೋಟೋ ತೆಗೆದೆ ಅಂತ ಬರೀತೀರಾ?” ಎಂದು ಕೇಳಿದ. “ನಡೆದದ್ದನ್ನೇ ಇನ್ನೊಂದು ಸಲ ನಡೆಸಿದೆ, ಅಷ್ಟೇ. ನಡೆಯದೇ ಇದ್ದದ್ದನ್ನ ನಾನು ಯಾವತ್ತೂ ಹಿಡಿದಿಲ್ಲ.”

ನಗುವ ಚಿತ್ರದ ಒಂದು ಪ್ರತಿ ಹಾಕಿಸಿಕೊಂಡು, ಹಿಂದೆ ತಾರೀಖು ಬರೆಸಿ, ಅವನ ಸಹಿ ಪಡೆದೆ. ವಾಪಸು ಬರುವ ರೈಲಿನಲ್ಲಿ ನನಗೆ ಖುಷಿಯೋ ಖುಷಿ. ಫೋಟೋದವಳು ಅವಳಲ್ಲ, ಕೆಲಸ ಉಳಿಯಿತು, ಬೆಟ್ಟ ಅಗೆದದ್ದಕ್ಕೆ ಇಲಿಯಾದರೂ ಸಿಕ್ಕಿತು ಎಂದುಕೊಂಡೆ. ತುನಿ ಸ್ಟೇಷನ್ ದಾಟುವಾಗ ಇನ್ನೊಂದು ಯೋಚನೆ ಬಂತು. ಫೋಟೋದಲ್ಲಿ ಅವಳಿಲ್ಲ, ಸರಿ. ಆದರೆ ಜ್ವರದ ರಜೆಯ ದಿನ ಜೀಪಿನ ಮುಂದೆ ಇದ್ದವಳು ಅವಳೇ. ಮೂಗರ್ಜಿಯವನು ತಪ್ಪು ಪುರಾವೆ ಹಿಡಿದು ಸರಿಯಾದ ಆಪಾದನೆ ಮಾಡಿದ್ದ. ಅನಕಾಪಲ್ಲಿ ಬರುವ ಹೊತ್ತಿಗೆ ಖುಷಿಯೆಲ್ಲ ಇಳಿದುಹೋಗಿತ್ತು.

ಭೀಮುನಿಪಟ್ಟಣಕ್ಕೆ ಹೋಗಿ ಮೊದಲು ಹಾಜರಿ ಪುಸ್ತಕ ನೋಡಿದೆ. ಫೋಟೋ ತೆಗೆದ ದಿನ ಅವಳು ಎಂದಿನಂತೆ ಎಂಟೂವರೆಗೆ ಬಂದು ಹನ್ನೊಂದರವರೆಗೆ ಇದ್ದಳು, ಮ್ಯಾನೇಜರರ ಗುರುತು ಎದುರಿಗಿತ್ತು. ಕಾಣೆಯಾಗಿದ್ದ ಪೊರಕೆಯೂ ದಾಖಲೆ ಕೋಣೆಯ ಬಾಗಿಲ ಹಿಂದೆ ಸಿಕ್ಕಿತು. ವೈದ್ಯರನ್ನು ಕಂಡೆ. ಬೆಳಗ್ಗೆ ಮೈ ಸುಡುತ್ತಿತ್ತು, ಇಂಜೆಕ್ಷನ್ ಕೊಟ್ಟೆ, ಮಲಗು ಅಂದಿದ್ದೆ, ಮಲಗಿದಳೋ ಇಲ್ಲವೋ ನನಗೇನು ಗೊತ್ತು ಎಂದರು.

ಆಮೇಲೆ ಅವಳಿಗೆ ನಗುವ ಚಿತ್ರ ತೋರಿಸಿದೆ. ಅವಳೂ ಸ್ವಲ್ಪ ನಕ್ಕಳು.

“ನನ್ನ ವಾರಗಿತ್ತಿ. ಇವಳಿಗೆ ಫೋಟೋ ಅಂದ್ರೆ ನಗು ತಡೆಯೋದಿಲ್ಲ.”

“ಅಂದರೆ ನಿನಗೆ ಗೊತ್ತಿತ್ತು?”

“ಊರಿಗೆಲ್ಲ ಗೊತ್ತು ಬಾಬೂ.”

ನನಗೆ ರೇಗಿತು. “ಮತ್ತೆ ನಾನೇ ನಾನೇ ಅಂತ ಯಾಕೆ ಹೇಳಿದೆ? ನಾನು ವಿಜಯವಾಡಕ್ಕೆ ಹೋಗಿ ಮೆಣಸಿನಕಾಯಿ ಘಾಟು ಕುಡಿದು ಬಂದೆ!”

ಅವಳು ಹೆದರಲಿಲ್ಲ. ಶಾಖೆಯ ಗೋಡೆಯ ಮೇಲೆ, ಗಡಿಯಾರದ ಪಕ್ಕ, ದಿನಾ ಹೂವು ಏರಿಸುವ ಲಕ್ಷ್ಮಿಯ ಪಟ ಇತ್ತು. ಅದನ್ನು ತೋರಿಸಿದಳು.

“ಅದು ಯಾರ ಫೋಟೋ?”

“ಲಕ್ಷ್ಮಿದು.”

“ಲಕ್ಷ್ಮೀನ ನಿಲ್ಲಿಸಿ ತೆಗೆದರಾ? ಯಾವಳನ್ನೋ ನೋಡಿ ಯಾರೋ ಬರೆದಿರ್ತಾರೆ. ಆದರೂ ಲಕ್ಷ್ಮಿದೇ ತಾನೇ? ಇದೂ ಹಂಗೇ. ಸೀರೆ ನಂದು, ನಿಂತಿದ್ದು ನಾನು. ಮುಖ ಅವಳದು. ಅವಳೇ ಅಂತಾಳೆ, ಅಕ್ಕಾ ಇದು ನಿನ್ನ ಫೋಟೋ ಅಂತ. ನಾನಲ್ಲ ಅಂದ್ರೆ ಆ ಜೀಪನ್ನ ನಿಲ್ಲಿಸಿದ್ದು ಯಾರು ಮತ್ತೆ?”

ಇಪ್ಪತ್ತು ವರ್ಷ ನಾನು ಓದಿದ ನಿಯಮಾವಳಿಯಲ್ಲಿ ಇಂಥದ್ದಕ್ಕೆ ಯಾವ ಕಲಮೂ ಇರಲಿಲ್ಲ. ಕ್ಯಾಷಿಯರ್ ಕಿಟಕಿಯಾಚೆಯಿಂದ ಕೇಳಿಸಿಕೊಂಡು ತಲೆಯಾಡಿಸುತ್ತಿದ್ದರು.

ವರದಿ ಬರೆಯಲು ಕೂತು ಎರಡು ದಿನ ಒದ್ದಾಡಿದೆ. ನಾನು ಎಲ್ಲವನ್ನೂ ಬರೆಯುವ ಜಾತಿ. ನನ್ನ ವರದಿಗಳು ಉದ್ದವೆಂದು ಮೇಲಿನವರು ಬೈಯುತ್ತಿದ್ದರು, ನನಗದು ಹೆಮ್ಮೆ. ಮೊದಲ ಕರಡು ಏಳು ಪುಟವಾಯಿತು. ಎರಡು ಆವೃತ್ತಿಗಳು, ಶಾಲಿನ ಹೆಂಗಸು, ಮಿಠಾಯಿ ಡಬ್ಬಿ, ಪೊರಕೆ, ಹಗ್ಗದ ಮೇಲಿನ ಸೀರೆ, ಎಲ್ಲ ಬಂತು. ಆರನೆಯ ಪುಟದಲ್ಲಿ, ನಿಜವಾಗಿ ಜೀಪು ತಡೆದವಳು ನಮ್ಮ ನೌಕರಳೇ ಎಂಬುದೂ ಬಂತು. ಓದಿ ನೋಡಿದೆ. ಇಷ್ಟು ಪ್ರಾಮಾಣಿಕವಾದ ವರದಿಯನ್ನು ನಾನು ಹಿಂದೆ ಬರೆದಿರಲಿಲ್ಲ. ಇದನ್ನು ಕೊಟ್ಟರೆ ಅವಳ ಹೆಸರು ಲಿಸ್ಟಿನಿಂದ ಹೋಗುತ್ತದೆ ಎಂಬುದರಲ್ಲೂ ಅನುಮಾನವಿರಲಿಲ್ಲ. ಕೊಡದಿದ್ದರೆ ತಿಳಿದೂ ಮುಚ್ಚಿಟ್ಟವನು ನಾನು. ಅತ್ತ ದರಿ, ಇತ್ತ ಪುಲಿ.

ಹೆಂಡತಿಗೆ ಓದಿ ಹೇಳಿದೆ. ಪೊರಕೆಯ ವಿಷಯದಲ್ಲಿ ಗೆದ್ದದ್ದಕ್ಕೆ ಅವಳು ಕುಣಿಯಬಹುದೆಂದುಕೊಂಡಿದ್ದೆ. ಕುಣಿಯಲಿಲ್ಲ.

“ನಿಮ್ಮನ್ನ ಕೇಳಿದ್ದೇನು?” ಎಂದಳು.

“ಫೋಟೋದಲ್ಲಿ ಇರೋಳು ಅವಳು ಹೌದೋ ಅಲ್ಲವೋ ಅಂತ.”

“ಅಷ್ಟಕ್ಕೆ ಹೇಳಿ. ಕೇಳದೇ ಇದ್ದದ್ದಕ್ಕೆಲ್ಲ ಯಾಕೆ ಉತ್ತರ ಕೊಡ್ತೀರಿ? ಮನೇಲಂತೂ ಕೇಳಿದ್ದಕ್ಕೂ ಕೊಡಲ್ಲ.”

ಏಳು ಪುಟ ಹರಿದೆ. ಮೂರು ಸಾಲು ಬರೆದೆ. ಫೋಟೋ ತೆಗೆದ ದಿನ ಸದರಿ ನೌಕರಳು ಕರ್ತವ್ಯದಲ್ಲಿದ್ದಳು. ಚಿತ್ರದಲ್ಲಿರುವ ಹೆಂಗಸು ಬೇರೆ. ನೆಗೆಟಿವಿನ ಪ್ರತಿ ಲಗತ್ತಿಸಿದೆ. ಪ್ರತಿ ಪದವೂ ನಿಜ. ಬರೆದು ಮುಗಿಸಿದಾಗ ಯಾರದೋ ಜೇಬಿಗೆ ಕೈ ಹಾಕಿ ಬಂದವನ ಹಾಗೆ ಅವಸರದಲ್ಲಿ ಅದನ್ನು ಲಕೋಟೆಗೆ ಹಾಕಿ ಅಂಟಿಸಿದೆ.

ವಲಯ ವ್ಯವಸ್ಥಾಪಕರು ಓದಿ ನನ್ನ ಮುಖವನ್ನೇ ನೋಡಿದರು. “ನೀವು ಮೂರು ಸಾಲು ಬರದೀರಿ ಅಂದ್ರ ಒಳಗ ಏನೋ ಐತಿ. ಇರ್ಲಿ, ನಾ ಕೇಳಂಗಿಲ್ಲ,” ಎಂದರು. “ಆದ್ರ ಮ್ಯಾನೇಜರ್ ಮುಂದ ಆಕಿ ನಾನೇ ಅಂತ ಒಪ್ಪ್ಯಾಳ. ಅದು ನಾಳೆ ತೊಡಕಾಗ್ತದ. ಫೋಟೋದಾಗ ಇರಾಕಿ ನಾನಲ್ಲ ಅಂತ ಆಕಿ ಕಡೆಯಿಂದ ಒಂದು ಹೇಳಿಕೆ ಬರಿಸಿಕೊಂಡು ಬರ್ರಿ. ಅಲ್ಲಿಗೆ ಫೈಲು ಮುಗೀತು.”

ಅವಳು ಖಾಯಂ ಆದಳು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಅದು ಆಗಲು ಇನ್ನೂ ನಾಲ್ಕು ತಿಂಗಳು ಹಿಡಿಯಿತು, ಅಷ್ಟರಲ್ಲಿ ನನಗೆ ವರ್ಗವಾಗಿತ್ತು. ನನ್ನ ಪಾಲಿಗೆ ಆ ಕೆಲಸ ಮುಗಿದದ್ದು ಹೇಳಿಕೆಯ ದಿನವೇ.

ಹೇಳಿಕೆಯನ್ನು ತೆಲುಗಿನಲ್ಲಿ ಟೈಪು ಮಾಡಿಸಿಕೊಂಡು ಹೋಗಿದ್ದೆ. ಮ್ಯಾನೇಜರರ ಕೋಣೆಯಲ್ಲಿ ಅವಳನ್ನು ಕೂರಿಸಿ ಗಟ್ಟಿಯಾಗಿ ಓದಿದೆ. ‘ಪತ್ರಿಕೆಯಲ್ಲಿ ಬಂದ ಫೋಟೋದಲ್ಲಿ ಪೊರಕೆ ಹಿಡಿದು ನಿಂತಿರುವ ಹೆಂಗಸು ನಾನಲ್ಲ.’ ಅಷ್ಟೇ ಇದ್ದದ್ದು.

“ಇನ್ನೊಂದು ಸಲ ಓದಿ ಬಾಬೂ,” ಎಂದಳು. ಓದಿದೆ.

“ಜೀಪಿನ ಮಾತು ಇಲ್ಲವಾ?”

“ಇಲ್ಲ.”

“ಯಾಕೆ?”

“ಅದನ್ನ ಯಾರೂ ಕೇಳಿಲ್ಲ ತಾಯಿ. ಕೇಳದೇ ಇದ್ದರೇ ನಿನಗೆ ಒಳ್ಳೇದು.”

ಅವಳು ಕಾಗದವನ್ನು ತನ್ನ ಕಡೆಗೆ ತಿರುಗಿಸಿಕೊಂಡು ಅಕ್ಷರಗಳ ಕೆಳಗೆ ಬೆರಳು ಎಳೆಯುತ್ತಾ ಹೋದಳು. ತುಟಿ ಅಲುಗುತ್ತಿತ್ತು. ‘ನಾನಲ್ಲ’ ಎಂಬಲ್ಲಿ ಬೆರಳು ನಿಂತಿತು. ಆಗಲೇ ನನಗೆ ತಿಳಿದದ್ದು, ಅವಳು ಓದುತ್ತಿದ್ದಾಳೆ ಎಂದು.

“ಅಕ್ಷರ ಕಲಿಸುವ ಕ್ಲಾಸಿಗೆ ಹೋಗುತ್ತಾಳೆ ಸಾರ್,” ಎಂದರು ಮ್ಯಾನೇಜರ್. “ಸಾರಾಯಿ ಗಲಾಟೆ ಹೊರಟಿದ್ದೇ ಆ ಕ್ಲಾಸಿನಿಂದ. ಈ ತಿಂಗಳಿಂದ ಸಂಬಳದ ಚೀಟಿಗೆ ಸಹಿ ಹಾಕುತ್ತಾಳೆ. ಪೂರ್ತಿ ಹೆಸರು, ಮನೆ ಹೆಸರು ಸಮೇತ. ಕಾಲು ಗಂಟೆ ಹಿಡಿಯುತ್ತೆ, ಆದರೆ ನಾವು ಯಾರೂ ಅವಸರ ಮಾಡಲ್ಲ.”

ನಾನು ಪೆನ್ನಿನ ಮುಚ್ಚಳ ತೆಗೆದು ಅವಳ ಮುಂದಿಟ್ಟೆ. ಅವಳು ಅದನ್ನು ಮುಟ್ಟಲಿಲ್ಲ.

“ಇಂಕಿನ ಪ್ಯಾಡು ಕೊಡಿ.”

“ನಿನಗೆ ಬರೆಯೋಕೆ ಬರುತ್ತಲ್ಲ,” ಎಂದರು ಮ್ಯಾನೇಜರ್.

“ಬರುತ್ತೆ. ಇದಕ್ಕೆ ನನ್ನ ಹೆಸರು ಹಾಕೋದಿಲ್ಲ. ಬೆರಳು ಸಾಕು.”

ಮ್ಯಾನೇಜರ್ ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ. ಪ್ಯಾಡು ಬಂತು. ಅವಳು ಬಲಗೈ ಹೆಬ್ಬೆರಳನ್ನು ಅದ್ದಿ, ಕಾಗದದ ಮೇಲೆ ಒತ್ತಿ, ಸೆರಗಿಗೆ ಒರೆಸಿಕೊಳ್ಳುತ್ತಾ ಎದ್ದು ಹೋದಳು. ಹೊರಗೆ ಹಾಲಿನಲ್ಲಿ ಕುರ್ಚಿಗಳನ್ನು ಸರಿಸುವ ಸದ್ದು ಕೇಳಿಸಿತು.

ಹೆಬ್ಬೆಟ್ಟು ಒತ್ತಿಸಿಕೊಂಡಾಗ ಅದು ಯಾರದೆಂದು ಪಕ್ಕದಲ್ಲಿ ಅಧಿಕಾರಿಯೇ ಬರೆಯಬೇಕು. ಬ್ಯಾಂಕು ಸೇರಿದ ಮೊದಲ ವಾರವೇ ಅದನ್ನು ನಮಗೆ ಕಲಿಸುತ್ತಾರೆ. ಅವಳು ಹಾಕದೇ ಬಿಟ್ಟುಹೋದ ಹೆಸರನ್ನು, ಮನೆ ಹೆಸರು ಸಮೇತ, ಆ ಹಸಿ ಗುರುತಿನ ಸುತ್ತ ನಾನೇ ಬರೆದೆ.